ಒಡೆದು ನೋಡದ ಕಲ್ಲು

ಸಾಹೇಬರು ತೀರಿಕೊಂಡ ಸುದ್ದಿಯನ್ನು ಅವರ ಮಗಳು ಸುರಪುರದಿಂದ ಫೋನ್ ಮಾಡಿ ಹೇಳಿದಳು. ನಾನಾಗ ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲಿದ್ದ ರೊಟ್ಟಿ ಸೀದು ಹೋಯಿತು. ಪಡಸಾಲೆಯಲ್ಲಿ ಹೊರಸಿನ ಮೇಲೆ ಕುಳಿತಿದ್ದ ಅಪ್ಪ, "ಏನವ್ವಾ, ಏನೋ ಸುಟ್ಟ ವಾಸನಿ ಬರಾಕತ್ತಾದ" ಅಂದ. ಎಂಬತ್ತು ದಾಟಿದರೂ ಅವನ ಮೂಗು ಮಾತ್ರ ಇನ್ನೂ ಸುಣ್ಣದ ಭಟ್ಟಿಯವನ ಮೂಗೇ. ಹೊರಗೆ ಬಂದು, "ಒಡೀರಿ ಸಾಹೇಬ್ರು ಹೋದರಂತಪ್ಪಾ" ಅಂದೆ. ಅಪ್ಪ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಅದನ್ನೇ ನೋಡುತ್ತ ಕುಳಿತ. ಅವತ್ತು ಊಟ ಮಾಡಲಿಲ್ಲ.

ಸಾಹೇಬರಿಗೆ ಹೆತ್ತವರಿಟ್ಟ ಹೆಸರೊಂದು ಇತ್ತು. ಕಚೇರಿಯ ಹಾಜರಿ ಪುಸ್ತಕ ಬಿಟ್ಟರೆ ಅದು ಬೇರೆಲ್ಲೂ ಉಪಯೋಗಕ್ಕೆ ಬರಲಿಲ್ಲ. ಕಾಲುವೆ ಕ್ಯಾಂಪಿನಲ್ಲಿ ಎಲ್ಲರ ಬಾಯಲ್ಲೂ ಅವರು 'ಒಡೀರಿ ಸಾಹೇಬ್ರು'. ಕೃಷ್ಣೆಯ ನೀರು ನಮ್ಮ ಎರೆಹೊಲಗಳಿಗೆ ಬರುತ್ತದಂತೆ ಎಂದು ಜನ ಅರ್ಧ ನಂಬಿ ಅರ್ಧ ನಗುತ್ತಿದ್ದ ದಿನಗಳು ಅವು. ಶಹಾಪುರದ ಹೊರಗೆ ತಗಡಿನ ಶೆಡ್ಡುಗಳ ಒಂದು ಕ್ಯಾಂಪು ಎದ್ದಿತ್ತು. ಅಗೆತದಲ್ಲಿ ಸಿಕ್ಕ ಕಲ್ಲು ಗಟ್ಟಿಯೋ ಪೊಳ್ಳೋ, ಕಟ್ಟಡಕ್ಕೆ ಬರುತ್ತದೋ ಇಲ್ಲವೋ, ಎಲ್ಲಿ ನೀರು ಜಿನುಗೀತು ಎಂದು ನೋಡಿ ಬರೆದುಕೊಡುವುದು ಅವರ ಕೆಲಸ. ಯಾರಾದರೂ ಕಲ್ಲು ತಂದು ತೋರಿಸಿದರೆ ಅದರ ಮೋರೆಯನ್ನು ಅವರು ನೋಡುತ್ತಲೇ ಇರಲಿಲ್ಲ. "ಒಡೀರಿ" ಅನ್ನುವರು. ಒಡೆದು ಕೊಟ್ಟರೆ, "ಇನ್ನೊಮ್ಮಿ ಒಡೀರಿ." ತಂದವನಿಗೆ ಸಿಟ್ಟು ಬರುವ ತನಕ ಒಡೆಸಿ, ಆಮೇಲೆ ಕೈಗೆ ತೆಗೆದುಕೊಳ್ಳುವರು. "ಮ್ಯಾಲಿಂದು ಗಾಳಿ, ಮಳಿ, ಬಿಸಲು ಬಳದ ಬಣ್ಣರಿ. ಕಲ್ಲು ಒಳಗ ಅದ" ಎಂಬುದು ಅವರು ಎಲ್ಲರಿಗೂ ಹೇಳುತ್ತಿದ್ದ ಮಾತು.

ನಾನು ಆ ಕಚೇರಿಗೆ ದಿನಗೂಲಿಯ ಕನ್ನಡ ಟೈಪಿಸ್ಟಾಗಿ ಸೇರಿದಾಗ ನನಗೆ ಇಪ್ಪತ್ತು. ಬಾಯಿ ಜೋರು, ಬೆರಳು ಅದಕ್ಕಿಂತ ಜೋರು. ನನ್ನ ಮೇಜು ಅವರ ಮೇಜಿನ ಎದುರಿಗೇ ಇತ್ತು. ಮೊದಲ ದಿನ ತಲೆ ಎತ್ತಿ ನೋಡಿದರೆ, ಈ ಮನುಷ್ಯ ಒಂದು ಕಲ್ಲನ್ನು ಮಾವಿನ ಗೊರಟೆ ಚೀಪಿದ ಹಾಗೆ ನೆಕ್ಕುತ್ತಿದ್ದಾರೆ! ಅಯ್ಯೋ ಶಿವನೇ, ಎಂಥವರ ಎದುರಿಗೆ ಕೂರಿಸಿದರು ನನ್ನನ್ನು ಅಂದುಕೊಂಡೆ. ನನ್ನ ಮುಖ ನೋಡಿ ಅವರೇ ಹೇಳಿದರು: "ತೊಯ್ದ್ರ ಬಣ್ಣ ಬರೋಬ್ಬರಿ ಕಾಣ್ತದ ತಂಗಿ. ನೀರಿನ ಕೊಡ ದೂರ ಅದ, ನಾಲಿಗಿ ಹತ್ರ ಅದ."

ಅವರ ಅಂಗಿಯ ಎಡಗಿಸೆಯಲ್ಲಿ ಯಾವಾಗಲೂ ಒಂದು ಸಣ್ಣ ಆಸಿಡ್ ಬಾಟಲಿ ಇರುತ್ತಿತ್ತು. ಸುಣ್ಣದ ಕಲ್ಲಾದರೆ ಒಂದು ಹನಿ ಬಿಟ್ಟ ಕೂಡಲೇ ಬುರುಗು ಉಕ್ಕುತ್ತದೆ. ಬಾಟಲಿಯ ಬಿರಡೆ ಸೋರಿ ಸೋರಿ ಅವರ ಅಂಗಿಗಳೆಲ್ಲ ಎದೆಯ ಹತ್ತಿರ ತೂತು. ಹೆಂಡತಿ ತೇಪೆ ಹಾಕಿ ಹಾಕಿ ಬೇಸತ್ತು, ಕೊನೆಗೆ ಆ ಜಾಗಕ್ಕೆ ಖಾಕಿ ಬಟ್ಟೆಯ ಕಿಸೆಯನ್ನೇ ಹೊಲಿದುಬಿಟ್ಟಿದ್ದರು. ಬಿಳಿ ಅಂಗಿಗೆ ಖಾಕಿ ಕಿಸೆ. ಅದನ್ನು ಹಾಕಿಕೊಂಡೇ ಅವರು ದೊಡ್ಡ ಅಧಿಕಾರಿಗಳ ಮೀಟಿಂಗಿಗೆ ಹೋಗುತ್ತಿದ್ದರು.

ಅವರೇನು ದೇವರಂಥ ಮನುಷ್ಯರಾಗಿರಲಿಲ್ಲ. ಕಲ್ಲಿಗೆ ಅಂಟಿಸಿದ ಚೀಟಿ ಅದಲುಬದಲಾದರೆ ಕೈಗೆ ಸಿಕ್ಕವರನ್ನು ಬೈಯುತ್ತಿದ್ದರು. ನಾನು ಟೈಪ್ ಮಾಡಿದ ಹಾಳೆಯಲ್ಲಿ ಒಂದು ಅಂಕಿ ತಪ್ಪಿದ್ದರೆ ಇಡೀ ಪುಟ ಮತ್ತೆ ಹೊಡೆಸುತ್ತಿದ್ದರು. ಮನುಷ್ಯರ ಹೆಸರು ಅವರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಸ್ವಂತ ಮಗಳು ಯಾವ ಇಯತ್ತೆ ಓದುತ್ತಿದ್ದಾಳೆ ಎಂದು ಕೇಳಿದರೆ ಯೋಚಿಸುತ್ತಿದ್ದರು. ಆದರೆ ಮೂರು ವರ್ಷದ ಹಿಂದೆ ಯಾವ ಅಗೆತದಲ್ಲಿ ಯಾವ ಕಲ್ಲು ಬಂದಿತ್ತು ಎಂದರೆ ಕಣ್ಣು ಮುಚ್ಚಿ ಹೇಳುತ್ತಿದ್ದರು.

ಕೆಲಸ ಕಡಿಮೆ ಇದ್ದ ದಿನ ಒಂದು ಗಾಜಿನ ಹಲಗೆಯ ಮೇಲೆ ರವೆಯಂಥ ಪುಡಿ ಹಾಕಿ, ನೀರು ಬಿಟ್ಟು, ಕಲ್ಲಿನ ಚೂರನ್ನು ಗಂಟೆಗಟ್ಟಲೆ ತಿಕ್ಕುವರು. ಕಲ್ಲು ಹಪ್ಪಳಕ್ಕಿಂತ ತೆಳ್ಳಗಾಗಿ, ಕೊನೆಗೆ ಅದರ ಕೆಳಗಿಟ್ಟ ಕಾಗದದ ಅಕ್ಷರ ಕಾಣಬೇಕು. ಕಾಲೇಜೊಂದರಿಂದ ಸೂಕ್ಷ್ಮದರ್ಶಕವನ್ನು ವರ್ಷಕ್ಕೊಂದೆರಡು ಸಲ ಬೇಡಿ ತರುತ್ತಿದ್ದರು, ಅದೂ ಕಂಬಳಿಯಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು, ಬಸ್ಸಿನಲ್ಲಿ. ಒಮ್ಮೆ ನನಗೂ ತೋರಿಸಿದರು. ಬೂದು ಕಲ್ಲು ಅಂದುಕೊಂಡದ್ದರೊಳಗೆ ಇಳಕಲ್ ಸೀರೆಯ ಬಣ್ಣಗಳೆಲ್ಲ ಇದ್ದವು. "ಸ್ವಂತ ಒಂದು ಇದ್ರ, ತಂಗಿ, ನಾ ಮನಿಗೇ ಹೋಗಂಗಿಲ್ಲ" ಅಂದರು. ಮುಖ್ಯ ಕಚೇರಿಯ ಪ್ರಯೋಗಾಲಯಕ್ಕೆ ವರ್ಗ ಮಾಡಿಸಿಕೊಳ್ಳಬೇಕು, ಅಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರಬೇಕು ಎಂಬುದೊಂದೇ ಅವರಿಗಿದ್ದ ಆಸೆ. ಆ ಅರ್ಜಿಯನ್ನು ಟೈಪ್ ಮಾಡಿದವಳು ನಾನೇ. ಅದು ಮೇಲಿನವರಿಗೆ ಒಪ್ಪಿಗೆಯಾಗಿ ಇನ್ನೇನು ಆದೇಶ ಬರಬೇಕು ಎನ್ನುವಾಗಲೇ ಬಿಳಿ ಕಲ್ಲಿನ ಪ್ರಕರಣ ನಡೆಯಿತು.

ನಾವು ಸುಣ್ಣ ಸುಡುವವರು. ಶಿರವಾಳದ ದಾರಿಯಲ್ಲಿ ಅಪ್ಪನ ಭಟ್ಟಿ ಇತ್ತು. ಸಿಮೆಂಟು ಸಿಗುವುದೇ ಕಷ್ಟವಾಗಿದ್ದ ಕಾಲ. ಕ್ಯಾಂಪಿನ ಮನೆಗಳ ಗೋಡೆಗೂ ಗಾರೆಗೂ ಅಪ್ಪನ ಸುಣ್ಣವೇ ಹೋಗುತ್ತಿತ್ತು. ಹೊಸ ಜಾಗದ ಕಲ್ಲು ಯಾವುದೇ ಇರಲಿ, ಅಪ್ಪ ಮೊದಲು ಅಡಿಕೆಯಷ್ಟು ಚೂರನ್ನು ಅವ್ವನ ಒಲೆಯ ಕೆಂಡದಲ್ಲಿ ಹುಗಿಯುತ್ತಿದ್ದ. ಅಡಿಗೆ ಮುಗಿದ ಮೇಲೆ ತೆಗೆದು ನೀರು ಹಾಕಿದಾಗ ಅದು ಸೀಳಿ ಹಿಟ್ಟಾದರೆ ಮಾತ್ರ ಆ ಕಲ್ಲು ಭಟ್ಟಿಗೆ. "ಒಲಿ ಕೇಳಿ ಹೇಳ್ತೀನಿ" ಎಂಬುದು ಅವನ ಮಾತು. ಎಂಥ ದೊಡ್ಡ ಗೌಡ ಬಂದು ಅವಸರ ಮಾಡಿದರೂ ಒಲೆ ಹೇಳದೆ ಅವನು ಒಪ್ಪುತ್ತಿರಲಿಲ್ಲ.

ಸುರಪುರದ ಕಡೆ ಕಾಲುವೆ ಅಗೆಯುವಾಗ ಬಿಳಿ ಕಲ್ಲಿನ ಒಂದು ಪಟ್ಟೆ ಸಿಕ್ಕಿತು. ನಮ್ಮದೇ ಕಲ್ಲು ಬಿದ್ದಿದೆ, ಅದನ್ನೇ ಸುಡಿಸಿ ಅಂತ ಕ್ಯಾಂಪಿನ ದೊಡ್ಡ ಇಂಜಿನಿಯರು ಹೇಳಿದರು. ನೋಡಿ ಒಪ್ಪಿಗೆ ಕೊಡಲು ಸಾಹೇಬರನ್ನೂ ಅಪ್ಪನನ್ನೂ ಒಂದೇ ಜೀಪಿನಲ್ಲಿ ಕಳಿಸಿದರು. ಅಲ್ಲಿ ಸಾಹೇಬರು ಕಲ್ಲಿನ ಮೇಲೆ ಆಸಿಡ್ ಬಿಟ್ಟರು. ಬುಸ್ಸೆಂದು ಬುರುಗು ಬಂತು. ಅಪ್ಪ ಕಲ್ಲನ್ನು ಕೈಯಲ್ಲಿ ಎತ್ತಿ ಹಿಡಿದು, ಹೂಂ ಎಂದು ತಲೆಯಾಡಿಸಿದ. ಜೀವಮಾನವೆಲ್ಲ ಸುಣ್ಣ ಸುಟ್ಟವನು ತಲೆಯಾಡಿಸಿದ್ದಾನೆ ಎಂದು ಸಾಹೇಬರು ಸುತ್ತಿಗೆ ಎತ್ತಲಿಲ್ಲ. ಅಷ್ಟು ಓದಿದ ಸಾಹೇಬರು ಬುರುಗು ತೋರಿಸಿದ್ದಾರೆ ಎಂದು ಅಪ್ಪ ಒಲೆ ಕೇಳಲಿಲ್ಲ. ಒಬ್ಬರ ಮೇಲೊಬ್ಬರು ಭಾರ ಹಾಕಿ ಇಬ್ಬರೂ ವಾಪಸ್ ಬಂದರು.

ಅಪ್ಪ ಭಟ್ಟಿ ತುಂಬಿ ಬೆಂಕಿ ಹಚ್ಚಿದ. ಚೆನ್ನಾಗಿ ಸುಟ್ಟ ಸುಣ್ಣದ ಗಡ್ಡೆ ಹಗುರವಾಗಿರುತ್ತದೆ, ಹೆಂಗಸರು ಮಕ್ಕಳೂ ಬುಟ್ಟಿಗಟ್ಟಲೆ ಹೊರುತ್ತಾರೆ. ಭಟ್ಟಿ ಆರಿಸಿ ತೆಗೆದರೆ ಗಡ್ಡೆಗಳು ಹಾಕಿದಷ್ಟೇ ಭಾರ. ನೀರು ಹಾಕಿದರೆ ಮೇಲಿನ ತೊಗಲಷ್ಟೇ ಹಿಟ್ಟಾಗಿ ಉದುರಿತು, ಒಳಗೆ ಕಲ್ಲು ಕಲ್ಲೇ. ಬಿಳಿ ಹೋಗಿ ಹಸಿರು, ಕಂದು ಮಚ್ಚೆ ಕಂಡವು. ಅಪ್ಪ ಮುಚ್ಚಿಡುವವನಲ್ಲ. ಅದನ್ನೆಲ್ಲ ಬಂಡಿಯಲ್ಲಿ ಹೇರಿಕೊಂಡು ನೇರ ಕ್ಯಾಂಪಿಗೆ ಬಂದ.

ದೊಡ್ಡ ಇಂಜಿನಿಯರು ಮೈಸೂರು ಕಡೆಯವರು. ನಮ್ಮ ಮಾತು ಅವರಿಗೆ ಜಗಳದಂತೆ ಕೇಳುತ್ತಿತ್ತು. ಬಂಡಿಯ ಸುತ್ತ ಒಂದು ಸುತ್ತು ಬಂದು, "ಕೊಟ್ಟಿದ್ದು ಬಿಳಿ ಕಲ್ಲು. ಇದು ಮಚ್ಚೆ ಕಲ್ಲು. ನಮ್ಮ ಕಲ್ಲು ಎಲ್ಲಿಗೆ ಮಾರಿದ್ರಿ?" ಎಂದು ಕೇಳಿದರು.

"ಇದೇ ಕಲ್ಲರಿ ಸಾಹೇಬ್ರ. ಸುಟ್ಟಿಲ್ರಿ, ಯಾಕಂತ ನನಗೂ ತಿಳೀವಲ್ದು" ಅಂದ ಅಪ್ಪ.

"ಯಾಕೆ ಕೂಗಾಡ್ತೀರಿ?" ಅಂದರು ಅವರು.

ಅಪ್ಪ ಕೂಗಾಡಿರಲಿಲ್ಲ, ಅವನ ದನಿಯೇ ಹಾಗೆ. ಅರ್ಧ ತಾಸಿನಲ್ಲಿ ಒಂದು ಕರಡು ನನ್ನ ಮೇಜಿಗೆ ಬಂತು. ಸರ್ಕಾರದ ಕಲ್ಲನ್ನು ಅದಲುಬದಲು ಮಾಡಿದ ಇಂಥ ಊರಿನ ಇಂಥವನಿಂದ ಇನ್ನು ಮುಂದೆ ಸುಣ್ಣ ತೆಗೆದುಕೊಳ್ಳಕೂಡದು, ಪೊಲೀಸ್ ಠಾಣೆಗೆ ದೂರು ಕೊಡತಕ್ಕದ್ದು. ನಡುವೆ ನನ್ನಪ್ಪನ ಹೆಸರು. ಅಕ್ಷರಗಳು ಕಣ್ಣೆದುರಿಗೆ ಕುಣಿದವು. ಸುತ್ತ ಹತ್ತೂರಲ್ಲಿ ಅಪ್ಪನ ಸುಣ್ಣಕ್ಕೆ ಯಾರೂ ಎರಡು ಮಾತಾಡಿದವರಿಲ್ಲ. ಅಂಥವನನ್ನು ಕಳ್ಳ ಅಂತ ನಾನೇ ಟೈಪ್ ಮಾಡಬೇಕು! ರಿಬ್ಬನ್ ಸಿಕ್ಕಿಕೊಂಡಿದೆ ಎಂದು ಸುಳ್ಳು ಹೇಳಿ, ಮಷೀನಿನ ಹೊಟ್ಟೆಗೆ ಕೈ ಹಾಕಿಕೊಂಡು ಸುಮ್ಮನೆ ಕುಳಿತೆ.

ಸಾಹೇಬರು ಕೆಲಸದ ಜಾಗದಿಂದ ಬಂದದ್ದು ಮಧ್ಯಾಹ್ನ. ಬಂಡಿಯಲ್ಲಿದ್ದ ಗಡ್ಡೆಯೊಂದನ್ನು ಎತ್ತಿದರು, ನೆಲಕ್ಕಿಟ್ಟು ಒಡೆದರು. ನೋಡಿದವರೇ ಬಂಡಿಯ ನೊಗದ ಮೇಲೆ ಕುಸಿದು ಕುಳಿತರು. ಆಮೇಲೆ ಯಾರಿಗೂ ಏನೂ ಹೇಳದೆ ಸ್ಕೂಟರ್ ಹತ್ತಿ ಸುರಪುರದ ಅಗೆತಕ್ಕೆ ಹೋಗಿ, ಅಲ್ಲಿನ ಬಿಳಿ ಕಲ್ಲು ಒಂದು ಚೀಲದಲ್ಲಿ ಹಾಕಿಕೊಂಡು ಬಂದರು. ಕ್ಯಾಂಪಿನವರೆಲ್ಲ ನಿಂತು ನೋಡುತ್ತಿರುವಾಗ ಒಂದೊಂದನ್ನೂ ಒಡೆದರು. ಹೊರಗೆ ಬಿಳಿ, ಒಳಗೆ ಬಂಡಿಯಲ್ಲಿದ್ದ ಅವೇ ಹಸಿರು ಕಂದು ಮಚ್ಚೆಗಳು, ನಡುನಡುವೆ ರೇಷ್ಮೆಯಂಥ ಬಿಳಿ ಎಳೆ. ಹೊರಮೈಗೆ ಆಸಿಡ್ ಬಿಟ್ಟರೆ ಬುರುಗು ಬಂತು. ಒಡೆದ ಮೈಗೆ ಬಿಟ್ಟರೆ ಹನಿ ನೀರಿನಂತೆ ಹರಿದು ಹೋಯಿತು.

"ಎರಿಮಣ್ಣಿನ ನೀರು ಇಳದು ಇಳದು ಮ್ಯಾಲ ಸುಣ್ಣದ ಪದರ ಹತ್ಯಾದ. ಅವತ್ತು ಉಕ್ಕಿದ್ದು ಅದು, ಕಲ್ಲಲ್ಲ" ಅಂದರು. ಇಂಜಿನಿಯರು ಎದುರಿಗಿದ್ದರೂ ಅವರು ಮಾತಾಡಿದ್ದು ಅಪ್ಪನ ಜೊತೆ. "ಸುಣ್ಣದಣ್ಣ, ಇದೂ ಮೊದಲು ನಿಮ್ಮ ಕಲ್ಲಿನಂಗ ಸುಣ್ಣದ ಕಲ್ಲೇ ಇತ್ತು. ಒಂದೀಟು ಉಸುಕು, ಒಂದೀಟು ಮಣ್ಣು ಕೂಡಿತ್ತು. ಭಾಳ ಭಾಳ ಹಿಂದ ನೆಲದಾಗ ಆಳಕ್ಕ ಹೋತು. ಅಲ್ಲಿ ಕಾವು, ಮ್ಯಾಲ ಗುಡ್ಡದಂಥಾ ವಜನ್. ನಿಮ್ಮ ಭಟ್ಟಿಯಾಗ ಸುಣ್ಣದ ಕಲ್ಲಿಂದ ಒಂದು ಗಾಳಿ ಬಿಟ್ಟು ಹೋಗ್ತದಲ್ಲ, ಕಲ್ಲು ಹಗರ ಆಗ್ತದಲ್ಲ, ಆ ಗಾಳಿ ಇದರಾಗಿಂದ ಆವಾಗೇ ಹೋಗ್ಯಾದ. ಉಳಿದ ಸುಣ್ಣ ಖಾಲಿ ಕೂಡಲಿಲ್ಲ. ಬಾಜೂಕಿನ ಉಸುಕು ಹಿಡಕೊಂತು. ಕರಗಿ ನೀರಾಗಲಿಲ್ಲ, ಇದ್ದಲ್ಲೇ ಹೊಸ ಹರಳಾತು. ಬರೇ ಉಸುಕು ಸಿಕ್ಕಲ್ಲಿ ಈ ಬಿಳಿ ಎಳಿ ಆಗ್ಯಾದ, ವೊಲಾಸ್ಟೊನೈಟ್ ಅಂತಾರ. ಮೆಗ್ನೀಷಿಯಂ ಇದ್ದಲ್ಲಿ ಈ ಹಸರು. ಮಣ್ಣು ಕೂಡಿದಲ್ಲಿ ಈ ಜೇನಿನ ಬಣ್ಣದ ಗಾರ್ನೆಟ್. ಸುಣ್ಣ ಇದರಾಗ ಅದ, ಆದ್ರ ನಿಮ್ಮ ಬೆಂಕಿಗೆ ಬಿಟ್ಟು ಬರಂಗಿಲ್ಲ."

ಅಪ್ಪ ಕುಕ್ಕರಗಾಲಲ್ಲಿ ಕುಳಿತು ಚೂರೊಂದನ್ನು ಬಿಸಿಲಿಗೆ ಹಿಡಿದು ತಿರುಗಿಸಿದ. "ಅಂದ್ರ, ಭೂಮಿತಾಯಿ ಒಮ್ಮಿ ಭಟ್ಟಿ ಹಚ್ಚಿ ಆರಿಸಿಬಿಟ್ಟಾಳ?"

"ಹೌದ್ರಿ. ಅದೂ ಮುಚ್ಚಳ ಮುಚ್ಚಿ."

"ಹಂಗಾದ್ರ ನಾ ಸುಟ್ಟ ರೊಟ್ಟೀನ ಮತ್ತ ನಾದಾಕ ಕುಂತಿದ್ದೆ" ಅಂದ ಅಪ್ಪ. ಅಷ್ಟು ಸಂಕಟದಲ್ಲೂ ಇಬ್ಬರೂ ನಕ್ಕರು. ನನಗೆ ಮಾತ್ರ ಅಳು ಬಂತು.

ಇಂಜಿನಿಯರು ಸಾಹೇಬರನ್ನು ಒಳಗೆ ಕರೆದರು. ತಗಡಿನ ಗೋಡೆ, ಮಾತೆಲ್ಲ ಕೇಳುತ್ತಿತ್ತು. "ಕಲ್ಲಿನ ಗುಣ ಖಚಿತವಾಗಿಲ್ಲ ಅಂತ ಒಂದು ಸಾಲು ಬರೆದು ಮುಗಿಸಿ. ನಿಮ್ಮ ವರ್ಗದ ಫೈಲು ಮೇಲೆ ಕೂತಿದೆ. ಈಗ ನಿಮ್ಮ ಹೆಸರು ಎತ್ತಬೇಡಿ" ಅಂದರು. ಕೆಟ್ಟ ಮನುಷ್ಯರೇನಲ್ಲ, ಸಾಹೇಬರ ಒಳ್ಳೆಯದಕ್ಕೇ ಹೇಳಿದ್ದು. ಆದರೆ ಹಾಗೆ ಬರೆದರೆ ಅಪ್ಪನ ಮೇಲಿನ ಅನುಮಾನ ಹಾಗೇ ಉಳಿಯುತ್ತಿತ್ತು. ಸಾಹೇಬರು ಹೊರಗೆ ಬಂದು ನನ್ನ ಮುಂದೆ ಕುರ್ಚಿ ಎಳೆದುಕೊಂಡರು.

"ಹಾಳಿ ಹಾಕು ತಂಗಿ. ಮೂರು ಪ್ರತಿ. ಕನ್ನಡದಾಗೇ ಇರ್ಲಿ, ಸುಣ್ಣದಣ್ಣಗ ಓದಿ ಹೇಳಾಕ ಬರಬೇಕು."

ಅವರು ಹೇಳುತ್ತ ಹೋದರು. ಕಲ್ಲು ಅದಲುಬದಲಾಗಿಲ್ಲ. ಸುಣ್ಣ ಸುಡುವವರದು ಏನೂ ತಪ್ಪಿಲ್ಲ. ಒಪ್ಪಿಗೆ ಕೊಟ್ಟವನು ನಾನು. ಎಲ್ಲರಿಗೂ ಒಡೆದು ನೋಡಿ ಎಂದು ಹೇಳುವ ನಾನು ಅವತ್ತು ಒಡೆದು ನೋಡಲಿಲ್ಲ. ನನ್ನ ಬೆರಳು ನಿಂತವು. "ಸಾಹೇಬ್ರ, ಇದು ನಿಮಗ ಕುತ್ತು ತರ್ತದರಿ. ಸೂಕ್ಷ್ಮದರ್ಶಕ ಹೋಗ್ತದರಿ" ಅಂದೆ. "ಹೊಡಿ, ಹೊಡಿ" ಅಂದರು. ಆಮೇಲೆ ಕೊನೆಯ ಸಾಲು ಹೇಳಿದರು: "ಸುಣ್ಣ ಸುಡುವವರು ಆ ಕಲ್ಲನ್ನು ಎರಡು ಸಲ ಕೈಯಲ್ಲಿ ತೂಗಿ ನೋಡಿದರು. ಅವರಿಗೆ ಅನುಮಾನ ಬಂದದ್ದು ನನಗೆ ಕಂಡಿತು. ನಾನು ಕೇಳಲಿಲ್ಲ."

ಆ ಸಾಲನ್ನು ನಾನು ಹೊಡೆಯಲಿಲ್ಲ. ಖಾಲಿ ಜಾಗದ ಕೀಲಿಯನ್ನೇ ಟಕಟಕ ಬಡಿದು, ಹೊಡೆದ ಹಾಗೆ ಮಾಡಿದೆ. ಅನುಮಾನ ಇತ್ತೆಂದರೆ ಮತ್ತೇಕೆ ಸುಟ್ಟೆ ಎಂದು ಅಪ್ಪನನ್ನೇ ಹಿಡಿಯುತ್ತಾರೆ ಎಂಬ ಹೆದರಿಕೆ ನನಗೆ. ಹಾಳೆ ತೆಗೆದುಕೊಟ್ಟೆ. ಒಂದು ಅಂಕಿ ತಪ್ಪಿದರೆ ಪುಟವನ್ನೇ ಹರಿಯುವ ಮನುಷ್ಯ ಮೇಲಿನಿಂದ ಕೆಳಗಿನ ತನಕ ಓದಿದರು. ಕೊನೆಗೆ ಬಂದು ನಿಂತರು.

"ಒಂದು ಸಾಲು ಕಡಿಮಿ ಅದ ಅನಿಸ್ತದಲ್ಲ?"

"ರಿಬ್ಬನ್ ಮಸಕಾಗ್ಯಾದರಿ" ಅಂದೆ. ಮುಖ ಎತ್ತಲಿಲ್ಲ.

ಸಾಲು ಇರಬೇಕಿದ್ದ ಖಾಲಿ ಜಾಗದ ಮೇಲೆ ಒಮ್ಮೆ ಬೆರಳಾಡಿಸಿದರು. ನಂತರ ಪೆನ್ನಿನ ಟೋಪಿ ತೆಗೆದು ಮೂರೂ ಪ್ರತಿಗೆ ದಸ್ತಖತ್ತು ಹಾಕಿದರು. ಅವರ ಜೀವಮಾನದಲ್ಲಿ ಪೂರ್ತಿ ಇಲ್ಲದ ಕಾಗದಕ್ಕೆ ಅವರು ಸಹಿ ಹಾಕಿದ್ದು ಅದೊಂದೇ ಇರಬೇಕು.

ಅಪ್ಪನ ಮೇಲಿನ ಕರಡನ್ನು ಹರಿದು ಹಾಕಿದರು. ಭಟ್ಟಿ ಮತ್ತೆ ಉರಿಯಿತು. ಕೆಲವು ತಿಂಗಳಾದ ಮೇಲೆ ಸಾಹೇಬರ ಅರ್ಜಿ ವಾಪಸ್ ಬಂತು, ಸದ್ಯಕ್ಕೆ ಪರಿಗಣಿಸಲಾಗದು ಎಂಬ ಮಾತಿನೊಂದಿಗೆ. ಮತ್ತೆ ಅವರು ಹಾಕಲಿಲ್ಲ. ಕಾಲುವೆ ಮುಂದೆ ಮುಂದೆ ಹೋದಂತೆ ಅವರೂ ಹೋದರು, ನಿವೃತ್ತಿಯ ತನಕ ಅಗೆತದ ಧೂಳಿನಲ್ಲೇ ಇದ್ದರು. ಸೂಕ್ಷ್ಮದರ್ಶಕ ಕಂಬಳಿ ಸುತ್ತಿಕೊಂಡು ಬಸ್ಸಿನಲ್ಲೇ ಓಡಾಡಿತು.

ಆದರೆ ಸಾಹೇಬರು ವಾರಕ್ಕೊಮ್ಮೆ ನಮ್ಮ ಭಟ್ಟಿಗೆ ಬರುವುದು ಮಾತ್ರ ಶುರುವಾಯಿತು. ಅಪ್ಪ ಕಲ್ಲು ಒಡೆಯದೆ ಮುಟ್ಟುತ್ತಿರಲಿಲ್ಲ, ಸಾಹೇಬರು ಅವ್ವನ ಒಲೆ ಕೇಳದೆ ಒಪ್ಪುತ್ತಿರಲಿಲ್ಲ. "ನಿಮ್ಮಿಬ್ಬರ ಕಾಲಾಗ ನನ್ನ ಪುಂಡಿಪಲ್ಯದಾಗ ಬರೇ ಕಲ್ಲು" ಎಂದು ಅವ್ವ ಬೈಯುತ್ತಲೇ ಅವರಿಗೆ ರೊಟ್ಟಿ ಬಡಿಸುತ್ತಿದ್ದಳು. ಸೈದಾಪುರದಿಂದ ನನ್ನನ್ನು ನೋಡಲು ಗಂಡಿನವರು ಬಂದ ದಿನವೂ ಸಾಹೇಬರು ಮನೆಯಲ್ಲಿದ್ದರು. ಹುಡುಗ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಪಳಪಳ ಹೊಳೆಯುತ್ತಿದ್ದ. ಸಾಹೇಬರು ಅಡಿಗೆಮನೆಯ ಬಾಗಿಲಿಗೆ ಬಂದು, "ಇವನ್ನ ಒಡ್ಯಾಕ ಬರಂಗಿಲ್ಲ ತಂಗಿ. ನೀನೇ ನಾಕು ಮಾತಾಡ್ಸಿ ನೋಡು" ಅಂದರು. ಮಾತಾಡಿಸಿದೆ. ಒಳಗೂ ಒಳ್ಳೆಯವನೇ ಇದ್ದ, ಮದುವೆಯಾದೆ.

ಮೊನ್ನೆ ಸುರಪುರಕ್ಕೆ ಹೋಗಿ ಸಾಹೇಬರಿಗೆ ಮಣ್ಣು ಕೊಟ್ಟು ಬಂದೆ. ಅವರ ಮಗಳು ಖಾಕಿ ಕಿಸೆಯ ಅಂಗಿಯನ್ನೇ ತೊಡಿಸಿದ್ದಳು. ಮನೆಗೆ ಬಂದು ಕಾಲು ತೊಳೆದು ಕುಳಿತಾಗ ಅಪ್ಪ ಹತ್ತಿರ ಕರೆದ.

"ಒಂದು ಮಾತು ಹೊಟ್ಟಿಯಾಗ ಇಟ್ಕೊಂಡೀನವ್ವ" ಅಂದ. "ಅವತ್ತು ಆ ಕಲ್ಲು ಎತ್ತಿದಾಗ ವಜನ್ ಅನಿಸ್ತು. ಸುಣ್ಣದ ಕಲ್ಲು ಅಷ್ಟು ವಜನ್ ಇರಂಗಿಲ್ಲ, ನನ್ನ ಕೈಗೆ ಗೊತ್ತಿತ್ತು. ಆದ್ರ ಓದಿದವರ ಮುಂದ ನಾ ಏನ್ ಹೇಳ್ಲಿ ಅಂತ ಬಾಯಿ ಮುಚ್ಚಿಬಿಟ್ಟೆ. ಆಮ್ಯಾಲ ಅವರು ಎಲ್ಲಾ ತಮ್ಮ ತಲಿ ಮ್ಯಾಲ ಹಾಕ್ಕೊಂಡ್ರು. ಆವಾಗರ ಹೇಳಬೇಕಿತ್ತು, ಹೇಳಲಿಲ್ಲ. ಇವತ್ತು ಹೇಳ್ತೀನಿ, ನಾಳಿ ಹೇಳ್ತೀನಿ ಅಂತ ಇಷ್ಟು ವರ್ಷ ಹೋತು. ಮನಿಗಿ ಬಂದು ನಮ್ಮ ರೊಟ್ಟಿ ತಿಂತಿದ್ರು, ನನಗ ಬಾಯಿ ಬರ್ತಿರಲಿಲ್ಲ. ನನ್ನ ಗಲತಿಗೆ ಆ ಮನಷ್ಯಾ ಧೂಳಾಗ ಉಳದ್ರು. ಈಗ ಯಾರಿಗಿ ಹೇಳ್ಲಿ?"

"ಅವರಿಗೆ ಗೊತ್ತಿತ್ತಪ್ಪಾ" ಅಂದೆ. ಅವತ್ತು ನಾನು ಬಿಟ್ಟ ಸಾಲಿನ ಸಂಗತಿ ಹೇಳಿದೆ. ಅವರು ಓದಿ, ತಿಳಿದು, ಸಹಿ ಹಾಕಿದ್ದನ್ನೂ ಹೇಳಿದೆ. ಅದನ್ನು ಆ ತನಕ ನಾನೂ ಯಾರಿಗೂ ಹೇಳಿರಲಿಲ್ಲ.

ಅಪ್ಪನ ಬಲಗೈ ತೊಡೆಯ ಮೇಲೆ ತಾನಾಗಿ ಮೇಲೆದ್ದು ಇಳಿಯಿತು, ಕಲ್ಲು ತೂಗಿದ ಹಾಗೆ, ಎರಡು ಸಲ.

"ನೋಡಿದ್ರಾ?" ಅಂದ. "ನೋಡಿದ ಮ್ಯಾಲ ಕೇಳಬೇಕಿತ್ತಲ್ಲವ್ವ. ಒಂದು ಮಾತು ಕೇಳಿದ್ರ ಹೇಳಿಬಿಡ್ತಿದ್ದೆನಲ್ಲ." ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ, "ಅವರು ಏನಂತ ಹೇಳಿದ್ರು, ಆ ಸಾಲು ಇನ್ನೊಮ್ಮಿ ಹೇಳು" ಅಂದ.

ಹೇಳಿದೆ. ಟೈಪ್ ಮಾಡದೆ ಬಿಟ್ಟಿದ್ದ ಆ ಸಾಲಿನಲ್ಲಿ ಒಂದಕ್ಷರವೂ ನನಗೆ ಮರೆತಿರಲಿಲ್ಲ.